ನಾನು ಹಾಕದೇ ಬಿಟ್ಟ ಸೂಜಿ

ರತ್ನಾಬಾಯಿ ಅಕ್ಕ, ನಿಮ್ಮ ಅವ್ವನ ಆ ನಗುವ ಫೋಟೋ ಹಾಳಾದದ್ದು ಸ್ಟುಡಿಯೋದ ವೈಜಿನಾಥಣ್ಣನ ತಪ್ಪಿನಿಂದಲ್ಲ. ಹಾಳು ಮಾಡಿದವನು ನಾನು. ಅದೂ ಒಮ್ಮೆ ಅಲ್ಲ, ಎರಡು ಸಲ — ಮೊದಲು ಸುಳ್ಳು ಹೇಳಿ, ಆಮೇಲೆ ಆ ಸುಳ್ಳನ್ನು ಮುಚ್ಚಲು ಹೋಗಿ.

ಈ ಕಾಗದ ಬರೆಯಲು ಕೂತು ಆಗಲೇ ನಾಲ್ಕು ಹಾಳೆ ಹರಿದು ಬಿಸಾಕಿದ್ದೇನೆ. ಪ್ರತಿ ಸಲವೂ ಕೈ ತಾನಾಗಿಯೇ ‘ಆಗಿನ ಪರಿಸ್ಥಿತಿ ಹಾಗಿತ್ತು’ ಎಂದು ಶುರು ಮಾಡುತ್ತಿತ್ತು. ಪರಿಸ್ಥಿತಿ ಹಾಗೇನೂ ಇರಲಿಲ್ಲ. ಎಲ್ಲ ನೆಟ್ಟಗೇ ಇತ್ತು, ನಾನೊಬ್ಬ ಸೊಟ್ಟಗಿದ್ದೆ. ಅದಕ್ಕೇ ಈ ಸಲ ನೇರವಾಗಿ ಮೊದಲ ಸಾಲಿನಲ್ಲೇ ಹೇಳಿಬಿಟ್ಟೆ. ಇನ್ನು ಹರಿಯಲು ಬರುವುದಿಲ್ಲ.

ನೀವು ನನ್ನನ್ನು ಒಂದೇ ಸಲ ನೋಡಿದ್ದೀರಿ. ಬಸವಕಲ್ಯಾಣದ ಸ್ಟುಡಿಯೋಕ್ಕೆ ನೀವು ನಿಮ್ಮೂರು ಕೊಹಿನೂರದಿಂದ ಬಂದ ದಿನ, ಕಂಪ್ಯೂಟರಿನ ಮುಂದೆ ಒಬ್ಬ ಚಷ್ಮಾದವನು ಕೂತಿದ್ದ, ಕಾಲ ಬಳಿ ಕರಿ ಚೀಲ ಇಟ್ಟುಕೊಂಡು — ಅವನೇ ನಾನು. ಹೆಸರು ಶರಣಪ್ಪ. ಹುಮನಾಬಾದಿನಲ್ಲಿ ಧಾನ್ಯದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಆ ಚೀಲವನ್ನು ನೆನಪಿನಲ್ಲಿಡಿ ಅಕ್ಕ, ಅದರ ಮಾತು ಮುಂದೆ ಬರುತ್ತದೆ.

ಮೊದಲಿನಿಂದ ಹೇಳುತ್ತೇನೆ. ವೈಜಿನಾಥಣ್ಣನ ಸ್ಟುಡಿಯೋಕ್ಕೆ ಕಂಪ್ಯೂಟರ್ ಕೂಡಿಸಿಕೊಟ್ಟವನು ನಾನು. ಅದು ಲಗ್ನಗಳ ಕಾಲ. ಅವರಿಗೆ ಮಷಿನ್ನು ಆ ದಿನವೇ ಬೇಕಾಗಿತ್ತು. ಕಂಪ್ಯೂಟರ್ ನಡೆಯಬೇಕಾದರೆ ಅದರೊಳಗೆ ಒಂದು ಮೂಲ ಸಾಫ್ಟ್‌ವೇರ್ ಹಾಕಬೇಕು. ಅದರ ಅಸಲಿ ಪ್ರತಿ ಹೈದರಾಬಾದಿನಿಂದ ಬರಲು ಎಂಟು ದಿನ ಹಿಡಿಯುತ್ತಿತ್ತು. ನನ್ನ ಹತ್ತಿರ ನಕಲಿ ಇತ್ತು. ಈಗ ಇದನ್ನು ಹಾಕಿರೋಣ, ಅಸಲಿ ಬಂದ ಮೇಲೆ ಬದಲಿಸೋಣ ಎಂದುಕೊಂಡೆ. ಅವರು ಪಕ್ಕದಲ್ಲಿ ನಿಂತು ಕೇಳಿದರು, “ತಮ್ಮಾ, ಇದು ಅಸಲಿ ಹೌದಲ್ಲ?” ನಾನು ತಲೆ ಎತ್ತದೇ, “ಅಸಲೀನೇ ಅದ ಅಣ್ಣಾ” ಎಂದೆ. ಆ ಎಂಟು ದಿನ ಮುಗಿಯಲೇ ಇಲ್ಲ.

ನಕಲಿ ಹಾಕಿದ ಮೇಲೆ ನಮ್ಮ ಕಸುಬಿನವರು ಮಾಡುವ ಮೊದಲ ಕೆಲಸ ಒಂದಿದೆ. ಅಪ್‌ಡೇಟ್ ಬಂದ್ ಮಾಡುವುದು. ಅಪ್‌ಡೇಟ್ ಎಂದರೆ — ನೀವು ತಗಡಿನ ಮನೆಗಳನ್ನು ಕಂಡವರು, ನಿಮಗೆ ಬೇಗ ತಿಳಿಯುತ್ತದೆ. ತಗಡಿನಲ್ಲಿ ಎಲ್ಲೋ ತೂತು ಬೀಳುತ್ತದೆ, ಮಳೆಗೆ ಮೊದಲು ಮೇಲೆ ಹತ್ತಿ ಡಾಂಬರು ಮೆತ್ತುತ್ತೇವೆ. ಹಾಗೆಯೇ ಆ ಸಾಫ್ಟ್‌ವೇರ್ ಮಾಡಿದ ಕಂಪನಿ ತಿಂಗಳಿಗೊಮ್ಮೆ ತೇಪೆ ಕಳಿಸುತ್ತದೆ, ಕಳ್ಳರು ಒಳಗೆ ನುಗ್ಗದ ಹಾಗೆ. ಆದರೆ ಆ ತೇಪೆಯ ಜೊತೆಗೇ ಒಬ್ಬ ತಪಾಸಣೆಯವನೂ ಬರುತ್ತಾನೆ. ಇದು ನಕಲಿ ಎಂದು ಅವನಿಗೆ ಗೊತ್ತಾದರೆ ಪರದೆಯನ್ನೆಲ್ಲ ಕಪ್ಪು ಮಾಡಿ, ಮೂಲೆಯಲ್ಲಿ ‘ಇದು ಅಸಲಿ ಅಲ್ಲ’ ಎಂದು ಬರೆದು ಹೋಗುತ್ತಾನೆ. ಗಿರಾಕಿ ಅದನ್ನು ನೋಡಿದರೆ ನಮ್ಮ ಮಾನ ಹೋಯಿತು. ಆದ್ದರಿಂದ ಬಾಗಿಲನ್ನೇ ಮುಚ್ಚಿಬಿಡುವುದು. ನಾನೊಬ್ಬನೇ ಅಲ್ಲ, ನನಗೆ ಗೊತ್ತಿದ್ದವರೆಲ್ಲ ಹೀಗೇ ಮಾಡುತ್ತಿದ್ದರು — ನೋಡಿ, ಮತ್ತೆ ನೆಪ ಶುರುವಾಯಿತು. ಬಿಡಿ.

ಕೆಲ ವರ್ಷ ಏನೂ ಆಗಲಿಲ್ಲ. ಆಮೇಲೆ ಆ ಸಾಫ್ಟ್‌ವೇರಿಗೆ ವಯಸ್ಸಾಯಿತು, ಇನ್ನು ಮೇಲೆ ಅದಕ್ಕೆ ತೇಪೆ ಕಳಿಸುವುದಿಲ್ಲ ಎಂದು ಕಂಪನಿ ಸಾರಿತು. ವೈಜಿನಾಥಣ್ಣ ಪೇಪರನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುವವರು. ಹಳೆಯದನ್ನೇ ಇಟ್ಟುಕೊಂಡವರಿಗೆ ಇನ್ನೂ ಕೆಲ ವರ್ಷ ತೇಪೆ ಪಡೆಯುವ ದಾರಿ ಇದೆ, ಬೇರೆಯಾಗಿ ಹೆಸರು ಹಚ್ಚಬೇಕು ಎಂಬುದನ್ನೂ ಓದಿದ್ದರು. ಅವರು ಹೊಸದಕ್ಕೆ ಹೋಗುವಂತಿರಲಿಲ್ಲ. ಫೋಟೋ ತೆಗೆದು ಕೊಡುವ ಅವರ ದೊಡ್ಡ ಪ್ರಿಂಟರ್ ಹಳೆಯದರ ಜೊತೆ ಮಾತ್ರ ಹೊಂದಿಕೊಳ್ಳುತ್ತಿತ್ತು. ನನಗೆ ಫೋನ್ ಮಾಡಿ, “ತಮ್ಮಾ, ಆ ಹೆಚ್ಚಿನ ಅಪ್‌ಡೇಟ್ ಹಚ್ಚಿಕೊಡು. ಈ ಮಷಿನ್ನಿನಾಗ ಮಂದಿ ಮಾರಿಗೋಳ ಅವ” ಎಂದರು. ಆ ಮುಖಗಳದೇ ಚಿಂತೆ ಅವರಿಗೆ.

ಆ ದಾರಿ ಅಸಲಿ ಇದ್ದವರಿಗೆ ಮಾತ್ರ. ಆಗಲಾದರೂ ಹೇಳಬಹುದಿತ್ತು. ಅಣ್ಣಾ, ತಪ್ಪಾಗಿದೆ, ಒಂದು ದಿನ ಅಂಗಡಿ ಮುಚ್ಚಿ, ಸರಿ ಮಾಡಿಕೊಡುತ್ತೇನೆ — ಬೈಯುತ್ತಿದ್ದರು, ಆಮೇಲೆ ಚಹಾ ತರಿಸುತ್ತಿದ್ದರು. ಅಷ್ಟೇ ಆಗುತ್ತಿತ್ತು. ನಾನು ಬಸವಕಲ್ಯಾಣಕ್ಕೆ ಹೋದೆ, ಹತ್ತು ನಿಮಿಷ ಸುಮ್ಮನೆ ಕೀಲಿಮಣೆ ಕುಟ್ಟಿದೆ, ಎದ್ದೆ.

“ಹಚ್ಚೀನಿ ಅಣ್ಣಾ. ಇನ್ನ ಬೇಫಿಕರ್ ಇರ್ರಿ.”

ಆ ಕಾಲದಲ್ಲಿ ಊರಿಗೆಲ್ಲ ಕರೋನಾ ಸೂಜಿ ಹಾಕುತ್ತಿದ್ದರು. ವೈಜಿನಾಥಣ್ಣ ಅಪ್‌ಡೇಟಿಗೂ ಸೂಜಿ ಎಂದೇ ಹೆಸರಿಟ್ಟರು. ತಿಂಗಳಿಗೊಮ್ಮೆ ನಾನು ಹೋಗಬೇಕು, “ಈ ತಿಂಗಳ ಸೂಜಿ ಆತೇನ್ ತಮ್ಮಾ?” ಎಂದು ಅವರು ಕೇಳಬೇಕು. ನಾನು ಕಸ ಬಳಿಯುವ ಒಂದು ಸಣ್ಣ ಪ್ರೋಗ್ರಾಮು ಓಡಿಸುತ್ತಿದ್ದೆ. ಅದರಲ್ಲಿ ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ತುಂಬುತ್ತದೆ. ಅದೇ ಸೂಜಿ ಎಂದು ಅವರು ನಂಬಿದ್ದರು. ಪಟ್ಟಿ ತುಂಬುವವರೆಗೆ ಮೌಸ್ ಮುಟ್ಟಗೊಡುತ್ತಿರಲಿಲ್ಲ. ಬಂದ ಗಿರಾಕಿಗಳಿಗೆ, “ಐದ ಮಿನಿಟ ಕುಂದರ್ರಿ, ಮಷಿನ್ನಿಗಿ ಸೂಜಿ ಮಾಡಾಕತ್ತಾರ” ಎಂದು ಹೇಳಿ ಬೆಂಚು ತೋರಿಸುತ್ತಿದ್ದರು. ಮಂದಿ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಗೋಡೆಯ ಕ್ಯಾಲೆಂಡರಿನಲ್ಲಿ ಅವರು ಆ ದಿನಕ್ಕೆ ಕೆಂಪು ಪೆನ್ನಿನಿಂದ ಒಂದು ಗೀಟು ಎಳೆಯುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ನಾನು ಕಣ್ಣು ತೆರೆದೇ ಕುಡಿದೆ.

ಇನ್ನೂ ಒಂದು ಇದೆ, ಅದನ್ನು ಬಿಟ್ಟರೆ ಈ ಕಾಗದಕ್ಕೆ ಅರ್ಥವಿಲ್ಲ. ವೈಜಿನಾಥಣ್ಣ ಮೊದಲು ಎಲ್ಲ ಫೋಟೋಗಳನ್ನೂ ಸಿಡಿಗಳಲ್ಲಿ ಇನ್ನೊಂದು ಪ್ರತಿ ಮಾಡಿ ಕಪಾಟಿನಲ್ಲಿಡುತ್ತಿದ್ದರು. ಅದನ್ನು ಬಿಡಿಸಿದವನೂ ನಾನೇ. “ಸೂಜಿ ಆಗ್ಯಾದಲ್ಲ, ಇನ್ನ ಸಿಡಿ ಯಾಕ ಬೇಕಣ್ಣಾ” ಎಂದೆ. ಯಾಕೆ ಹೇಳಿದೆನೋ — ನನ್ನ ಸುಳ್ಳಿನ ಮೇಲೆ ನನಗೇ ಭರವಸೆ ಬಂದಿತ್ತೇನೋ. ನಿಮ್ಮ ಅವ್ವ ಸೋನಾಬಾಯಿ ಫೋಟೋಕ್ಕೆ ಕೂತದ್ದು ಅದಾದ ಮೇಲೆ.

ಆ ದಿನದ ಕತೆ ನನಗೆ ವೈಜಿನಾಥಣ್ಣ ಹೇಳಿದ್ದರು. ನೀವು ವೃದ್ಧಾಪ್ಯ ವೇತನದ ಅರ್ಜಿಗೆಂದು ಅವ್ವನನ್ನು ಕರೆದುಕೊಂಡು ಬಂದಿದ್ದಿರಂತೆ. ಅರ್ಜಿಯ ಫೋಟೋದಲ್ಲಿ ನಗಬಾರದು, ನೆಟ್ಟಗೆ ನೋಡಬೇಕು. ಇವರು “ಅವ್ವಾ, ಮಾರಿ ಜರಾ ಸೀದಾ ಮಾಡ್ರಿ” ಎಂದಾಗ ನಿಮ್ಮ ಅವ್ವ, “ಎಪ್ಪತ್ತ ವರ್ಷದಾಗ ಸೀದಾ ಆಗಿಲ್ಲಪಾ, ಈಗ ನೀ ಅಂದ್ರ ಆಗ್ತದೇನ” ಎಂದು ತಾವೇ ನಕ್ಕುಬಿಟ್ಟರಂತೆ. ಅದೇ ಕ್ಷಣಕ್ಕೆ ಕ್ಯಾಮೆರಾ ಒತ್ತಿಹೋಗಿತ್ತು. ಅದು ಅರ್ಜಿಗೆ ನಡೆಯುವುದಿಲ್ಲವೆಂದು ಇನ್ನೊಂದು ತೆಗೆದು, ಹುಬ್ಬು ಗಂಟಿಕ್ಕಿದ ಅದನ್ನೇ ಪ್ರಿಂಟ್ ಹಾಕಿ ಕೊಟ್ಟರು. ನಗುವುದು ಮಷಿನ್ನಿನಲ್ಲಿ ಉಳಿಯಿತು. ಮುಂದೆ ಬೇಕೆಂದಾಗ ದೊಡ್ಡದು ಮಾಡಿಕೊಡುತ್ತೇನೆ ಎಂದು ಅವರು ನಿಮಗೆ ಮಾತು ಕೊಟ್ಟಿದ್ದರು.

ನಮ್ಮ ಕಡೆಯ ಪದ್ಧತಿ ನಿಮಗೆ ನಾನೇನು ಹೇಳುವುದು. ಹೊಲಕ್ಕೆ ಕೂಲಿಗೆ ಹೋಗುವ ಮನೆಯ ಹಿರಿಯರು ಆಸೆಪಟ್ಟು ಫೋಟೋ ತೆಗೆಸಿಕೊಳ್ಳುವುದಿಲ್ಲ. ಯಾವುದೋ ಅರ್ಜಿಗೆ, ಯಾವುದೋ ಕಾರ್ಡಿಗೆ ತೆಗೆದದ್ದೇ ಇರುತ್ತದೆ. ಅವರು ಹೋದ ಮೇಲೆ ಮನೆಯವರು ಸ್ಟುಡಿಯೋಕ್ಕೆ ಬಂದು ಅದನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಗೋಡೆಗೆ ಹಾಕುತ್ತಾರೆ. ವೈಜಿನಾಥಣ್ಣನ ಮಷಿನ್ನಿನಲ್ಲಿ ಎಷ್ಟೋ ಹಳ್ಳಿಗಳ ಗೋಡೆಗಳು ಕಾಯುತ್ತಾ ಕೂತಿದ್ದವು. ಅವರು ‘ಮಂದಿ ಮಾರಿಗೋಳ’ ಎಂದದ್ದು ಅದಕ್ಕೇ.

ಒಂದು ಬೆಳಿಗ್ಗೆ ಅವರ ಫೋನು ಬಂತು. ಯಾವ ಫೋಟೋವೂ ತೆರೆಯುತ್ತಿಲ್ಲ, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬೆದರಿಕೆ ಬರೆದಿದೆ ಎಂದರು. ಹೋಗಿ ನೋಡಿದೆ. ಎಲ್ಲಿಯವರೋ ಕಳ್ಳರು ಇಂಟರ್‌ನೆಟ್ಟಿನಿಂದ ನುಗ್ಗಿ ಪ್ರತಿಯೊಂದು ಫೋಟೋಕ್ಕೂ ಬೀಗ ಜಡಿದು, ಕೀಲಿ ಬೇಕಾದರೆ ನಮ್ಮಿಂದಾಗದಷ್ಟು ದುಡ್ಡು ಕೊಡಿ ಎಂದು ಬರೆದು ಹೋಗಿದ್ದರು. ಯಾವ ತೂತಿನಿಂದ ಬಂದಿದ್ದಾರೆ ಎಂದು ಅರ್ಧ ಗಂಟೆಯಲ್ಲಿ ನನಗೆ ತಿಳಿಯಿತು. ಆ ತೂತಿಗೆ ತೇಪೆ ಎರಡು ತಿಂಗಳ ಹಿಂದೆಯೇ ಬಂದಿತ್ತು. ಆ ಎರಡೂ ತಿಂಗಳಲ್ಲಿ ಕ್ಯಾಲೆಂಡರಿನ ಮೇಲೆ ಕೆಂಪು ಗೀಟು ಇತ್ತು.

ಆಗ ನನ್ನ ಬಾಯಿಂದ ಬಂದ ಮಾತು: “ಯಾರದರ ಪೆನ್‌ಡ್ರೈವ್ ಹಚ್ಚೀರೇನಣ್ಣಾ?” ಸ್ಟುಡಿಯೋದವರು ದಿನಕ್ಕೆ ಇಪ್ಪತ್ತು ಪೆನ್‌ಡ್ರೈವ್ ಹಚ್ಚುತ್ತಾರೆ, ಅದು ಗೊತ್ತಿದ್ದೇ ಕೇಳಿದೆ. ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. “ಹಚ್ಚೀನಪಾ. ದಿನಾ ಹಚ್ಚತೀನಿ” ಎಂದರು. ಆಮೇಲೆ ತಮ್ಮಷ್ಟಕ್ಕೇ, “ನೀ ಸೂಜಿ ಮಾಡಿದ್ರೂ ನಾ ರೋಗ ತಂದು ಹಚ್ಚಿದೆ” ಎಂದರು. ನಾನು ಅಲ್ಲ ಎನ್ನಲಿಲ್ಲ.

ಅವರು ಸೋತವರಲ್ಲ. ಫೋಟೋಗಳೆಲ್ಲ ಇದ್ದ ಡಿಸ್ಕನ್ನು ಹೈದರಾಬಾದಿಗೆ ಒಯ್ದು ತಿಳಿದವರ ಕೈಯಲ್ಲಿ ತೋರಿಸುತ್ತೇನೆ ಎಂದರು. ಕಸುಬು ಬಲ್ಲವನು ಯಾರೇ ತೆರೆದರೂ ಒಂದೇ ನಿಮಿಷಕ್ಕೆ ಗೊತ್ತಾಗುತ್ತಿತ್ತು — ಇದು ನಕಲಿ, ಇದಕ್ಕೆ ಒಂದು ದಿನವೂ ತೇಪೆ ಬಿದ್ದಿಲ್ಲ. “ಮೊದಲ ನಾ ಜರಾ ನೋಡತೀನಿ” ಎಂದು ಡಿಸ್ಕ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಅಷ್ಟರಲ್ಲಿ ನೀವು ಬಂದಿರಿ.

ನಿಮ್ಮ ಅವ್ವ ತೀರಿಕೊಂಡು ಒಂಬತ್ತು ದಿನವಾಗಿತ್ತು. ಬಿಳಿ ಸೀರೆಯಲ್ಲಿದ್ದಿರಿ, ಕೈಯಲ್ಲಿ ಖಾಲಿ ಕಟ್ಟು ಇತ್ತು, ಗಾಜು ಹೊಸದು. ಬುದ್ಧನ ಪಟದ ಬಾಜೂಕ ಹಾಕಬೇಕು, ಆ ನಗೋ ಫೋಟೋ ಕೊಡ್ರಿ ಎಂದಿರಿ. ವೈಜಿನಾಥಣ್ಣ ಎದ್ದು ನಿಂತು ಕೈ ಮುಗಿದು, ನನ್ನ ತಪ್ಪಿಲೆ ಎಲ್ಲಾ ಹಾಳಾಯಿತು ಎಂದರು. ನೀವು ಬೈಯಲಿಲ್ಲ. ಆಧಾರ ಕಾರ್ಡಿನಲ್ಲಿ ಅವ್ವನ ಗುರುತೇ ಸಿಗುವುದಿಲ್ಲ, ಅರ್ಜಿಯ ಫೋಟೋದಲ್ಲಿ ಸಿಟ್ಟಾದಂತೆ ಕಾಣುತ್ತಾಳೆ, ಆಕೆ ಹಾಗೆ ಇರಲಿಲ್ಲ ಎಂದು ಮಾತ್ರ ಹೇಳಿದಿರಿ. ಆಮೇಲೆ ನನ್ನ ಕಡೆ ತಿರುಗಿದಿರಿ.

“ಏನ್ರಿ ಅಣ್ಣಾರ, ಜರಾನೂ ಬರಾಂಗಿಲ್ಲೇನ್ರಿ? ಅರ್ಧ ಮಾರಿ ಬಂದ್ರೂ ಸಾಕ್ರಿ.”

“ಇಲ್ರಿ ಅಕ್ಕಾ,” ಎಂದೆ ನಾನು. “ಎಲ್ಲಾ ಹೋಗ್ಯಾದ.”

ಎಲ್ಲ ಹೋಗಿರಲಿಲ್ಲ. ನಿಮ್ಮ ಅವ್ವ ಆಗ ನನ್ನ ಕಾಲ ಬಳಿಯ ಚೀಲದಲ್ಲಿದ್ದರು. ಬೀಗ ಬಿದ್ದಿತ್ತು, ನಿಜ. ಆದರೆ ಬೀಗದ ಒಳಗೆ ಇಡೀ ಮುಖ ಇತ್ತು.

ಮಧ್ಯಾಹ್ನದ ಬಸ್ಸಿಗೆ ಹೊರಟೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಸಸ್ತಾಪುರ ಬಂಗಲಾದ ಕ್ರಾಸಿನಲ್ಲಿ ಹಳ್ಳಿಖೇಡದ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಅಡ್ಡ ಬಂದು ಬಸ್ಸು ಬಹಳ ಹೊತ್ತು ನಿಲ್ಲಬೇಕಾಯಿತು. ಇಳಿದು ವಾಪಸ್ಸು ಹೋಗಬಹುದಿತ್ತು. ಒಮ್ಮೆ ಎದ್ದೂ ನಿಂತೆ. ಪಕ್ಕದವರು ಇಳಿಯುತ್ತೀರೇನು ಎಂದು ಕೇಳಿದರು. ಇಲ್ಲವೆಂದು ಕೂತೆ.

ಮರುದಿನ ಬೆಳಿಗ್ಗೆ ಅಂಗಡಿ ತೆರೆದು, ದಿನದಂತೆ ಊದಿನಕಡ್ಡಿ ಹಚ್ಚಿ, ಆ ಡಿಸ್ಕನ್ನು ಪೂರ್ತಿ ಅಳಿಸಲು ಹಚ್ಚಿದೆ. ಬೀಗ ಹಾಕಿದ್ದು ಕಳ್ಳರು. ಮನೆಯನ್ನೇ ಕೆಡವಿದ್ದು ನಾನು. ಅಲ್ಲಿಯೂ ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ತುಂಬುತ್ತಿತ್ತು. ಅದು ತುಂಬುವ ಹೊತ್ತಿಗೆ ನಾನು ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಲೆ ಉಂಡೆ. ಚೆನ್ನಾಗಿಯೇ ಉಂಡೆ, ಅಕ್ಕ. ಆಮೇಲೆ ವೈಜಿನಾಥಣ್ಣನಿಗೆ ಫೋನ್ ಮಾಡಿ, ಡಿಸ್ಕ್ ಸುಟ್ಟುಹೋಗಿದೆ, ಹೈದರಾಬಾದಿಗೆ ಒಯ್ದರೂ ಉಪಯೋಗವಿಲ್ಲ ಎಂದೆ.

ಇಲ್ಲಿಗೆ ಮುಗಿದಿದ್ದರೆ ನಾನು ಬಹುಶಃ ಸಾಯುವತನಕ ಬಾಯಿ ಬಿಡುತ್ತಿರಲಿಲ್ಲ. ಎರಡು ವರ್ಷದ ಮೇಲೆ ಹುಮನಾಬಾದಿನ ಮಾಸ್ತರರೊಬ್ಬರು ನನ್ನ ಅಂಗಡಿಗೆ ಒಂದು ಹಳೆಯ ಡಿಸ್ಕ್ ತಂದರು. ಅದೇ ಕಾಲದಲ್ಲಿ, ಅದೇ ಕಳ್ಳರ ಬೀಗ ಬಿದ್ದದ್ದು. ಅವರು ಅದನ್ನು ಬಿಸಾಕದೇ ಕಪಾಟಿನಲ್ಲಿ ಇಟ್ಟಿದ್ದರು. ಕಳ್ಳರು ಸಿಕ್ಕಿದ್ದಾರಂತೆ, ಕೀಲಿಯನ್ನು ಎಲ್ಲರಿಗೂ ಬಿಟ್ಟಿದ್ದಾರಂತೆ, ಜರಾ ನೋಡ್ರಿ ಎಂದರು. ಹುಡುಕಿದೆ. ಕೀಲಿ ಇತ್ತು. ಹಚ್ಚಿದೆ. ಒಂದೊಂದಾಗಿ ಫೋಟೋಗಳು ತೆರೆಯತೊಡಗಿದವು. ಮೊದಲು ತೆರೆದದ್ದು ಹಲ್ಲು ಬಿದ್ದ ಒಂದು ಹುಡುಗಿಯದು, ಬರೆಯುವ ಪಾಟಿ ಹಿಡಿದು ನಿಂತದ್ದು. ಮಾಸ್ತರರು “ನಮ್ಮ ಕೂಸು, ನಮ್ಮ ಕೂಸು” ಎಂದು ನನ್ನ ಭುಜ ಅಲ್ಲಾಡಿಸಿದರು. ನಾನು ಎದ್ದು ಹೊರಗೆ ಬಂದು ಮಾರುಕಟ್ಟೆಯ ತೊಗರಿ ಚೀಲಗಳ ಹಿಂದೆ ನಿಂತು ಅತ್ತೆ. ಮಾಸ್ತರರು ನನ್ನದು ಸಂತೋಷ ಎಂದು ತಿಳಿದರು.

ಆಗಲೂ ಹೇಳಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಏನು ಉಪಯೋಗ ಎಂದು ನನಗೆ ನಾನೇ ಗಾದೆ ಹೇಳಿಕೊಂಡೆ. ಗಾದೆಗಳಿಗೇನು, ಹೇಡಿಗೂ ಒದಗುತ್ತವೆ.

ಈಗ ಮತ್ತೆ ಅದೇ ಕಾಲ ಬಂದಿದೆ. ಆ ಹಳೆಯದರ ಬದಲು ಹಾಕಿದ್ದ ಸಾಫ್ಟ್‌ವೇರಿಗೂ ವಯಸ್ಸಾಗಿದೆ. ಅಂಗಡಿಗೆ ಬಂದವರೆಲ್ಲ ನಮ್ಮ ಹಳೇ ಮಷಿನ್ನಿಗೆ ಇನ್ನಷ್ಟು ದಿನ ಅಪ್‌ಡೇಟ್ ಹ್ಯಾಂಗ ಸಿಗ್ತದ ಎಂದು ಕೇಳುತ್ತಾರೆ. ಹದಿನೈದು ದಿನದ ಹಿಂದೆ ವೈಜಿನಾಥಣ್ಣನದೂ ಫೋನು ಬಂತು. “ತಮ್ಮಾ, ಈ ಮಷಿನ್ನಿಗೂ ಸೂಜಿ ನಿಲ್ಲತಾವಂತ, ಪೇಪರಿನಾಗ ಬಂದದ. ಇನ್ನೊಂದ ವರ್ಷಕ್ಕ ಹೆಸರ ಹಚ್ಚಿಕೊಡು. ಹ್ವಾದ ಸಲ ನನ್ನ ತಪ್ಪಿಲೆ ಹಾಳಾತು, ಈ ಸಲ ಯಾರ ಪೆನ್‌ಡ್ರೈವೂ ಮುಟ್ಟೂದಿಲ್ಲ.” ಇಷ್ಟು ವರ್ಷವಾದರೂ ಅವರು ನನ್ನ ತಪ್ಪನ್ನು ತಮ್ಮದೆಂದೇ ಹೊತ್ತುಕೊಂಡಿದ್ದರು. ಸ್ಟುಡಿಯೋದ ಬಾಗಿಲಿಗೆ ಪೆನ್‌ಡ್ರೈವ್ ತರಬೇಡಿ ಎಂದು ಬೋರ್ಡು ಹಾಕಿ, ಬಂದ ಗಿರಾಕಿಗಳನ್ನು ವಾಪಸ್ಸು ಕಳಿಸುತ್ತಿದ್ದರು. ಹಿರಿಯರ ಫೋಟೋ ತೆಗೆದರೆ ಕೇಳದಿದ್ದರೂ ಒಂದು ಪ್ರಿಂಟ್ ಹೆಚ್ಚು ಹಾಕಿ, ಮನೆಯಲ್ಲಿಟ್ಟುಕೊಳ್ಳಿ, ನನ್ನನ್ನು ನಂಬಬೇಡಿ ಎಂದು ಹೇಳಿ ಕಳಿಸುತ್ತಿದ್ದರು.

ಹೋದೆ. ಈಗಿನದು ಅಸಲಿಯೇ ಇತ್ತು, ಅವರು ಪ್ರಿಂಟರ್ ಬದಲಿಸಿದಾಗ ನಾನೇ ಹಾಕಿಕೊಟ್ಟದ್ದು; ಆ ಹಾಳಾದ ದಿನದ ಮೇಲೆ ನಾನು ಅಸಲಿ ಬಿಟ್ಟು ಬೇರೆ ಮುಟ್ಟಿಲ್ಲ. ನಿಜವಾಗಿ ಹೆಸರು ಹಚ್ಚಿದೆ. ನಿಜವಾದ ಅಪ್‌ಡೇಟ್ ಇಳಿಯತೊಡಗಿತು. ಅವರು ರೂಢಿಯಂತೆ ಗಿರಾಕಿಗಳಿಗೆ ಬೆಂಚು ತೋರಿಸಲು ಹೊರಟರು. ನಾನು ಕೈ ಹಿಡಿದು ಕೂಡಿಸಿಕೊಂಡು ಎಲ್ಲವನ್ನೂ ಹೇಳಿದೆ, ನಿಮಗೆ ಬರೆದಷ್ಟೇ. ಅವರು ಪರದೆಯನ್ನೇ ನೋಡುತ್ತಾ ಕೇಳಿದರು. ಹೊಡೆದಿದ್ದರೆ ಹಗುರವಾಗುತ್ತಿತ್ತು. ಎದ್ದು ಹೋಗಿ ಬಾಗಿಲಿನ ಆ ಬೋರ್ಡನ್ನು ಕಿತ್ತು ತಂದು ನನ್ನ ಮುಂದೆ ಇಟ್ಟರು.

“ನನಗ ಹೇಳಿದಿ. ಆ ಕೊಹಿನೂರದ ಬಾಯಿಗಿ ಯಾರ ಹೇಳಬೇಕು?”

ಅದಕ್ಕೇ ಈ ಕಾಗದ. ಅಂಚೆಗೆ ಹಾಕುವುದಿಲ್ಲ. ಬರುವ ರವಿವಾರ ನಾನೇ ಕೊಹಿನೂರಕ್ಕೆ ಬಂದು ನಿಮ್ಮ ಕೈಗೆ ಕೊಟ್ಟು, ನೀವು ಓದಿ ಮುಗಿಸುವವರೆಗೆ ಅಂಗಳದಲ್ಲಿ ನಿಲ್ಲುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಇಲ್ಲ ಎನ್ನುವ ಕಷ್ಟವನ್ನೂ ನಿಮ್ಮ ಮೇಲೆಯೇ ಹಾಕಿದಂತಾಗುತ್ತದೆ. ನೀವು ಏನಂದರೂ ಅನ್ನಿಸಿಕೊಳ್ಳುತ್ತೇನೆ, ನಾಲ್ಕು ಮಂದಿಯನ್ನು ಕರೆದು ಅವರ ಮುಂದೆ ಹೇಳು ಎಂದರೆ ಹೇಳುತ್ತೇನೆ.

ಆ ಫೋಟೋವನ್ನು ನಾನು ಒಮ್ಮೆ ನೋಡಿದ್ದೇನೆ. ಒಂದು ಸುಳ್ಳು ಸೂಜಿಯ ದಿನ ವೈಜಿನಾಥಣ್ಣ ಪರದೆಯ ತುಂಬ ಅದನ್ನು ತೆರೆದು, ನೋಡು ತಮ್ಮಾ, ಎಷ್ಟ್ ಛಂದ ನಕ್ಕಾಳ ಮುದಿಕಿ ಎಂದು ತೋರಿಸಿದ್ದರು. ನನಗೆ ನೆನಪಿರುವುದನ್ನು ಇಲ್ಲಿ ಬರೆದಿಡುತ್ತೇನೆ, ಅದಾದರೂ ನಿಮ್ಮ ಮನೆಯಲ್ಲಿರಲಿ. ಹಸಿರು ಇಳಕಲ್ ಸೀರೆ. ಸೆರಗು ತಲೆಯ ಮೇಲಿಂದ ಸ್ವಲ್ಪ ಜಾರಿತ್ತು, ಕಿವಿಯ ಮೇಲಿನ ಬಿಳಿ ಕೂದಲು ಕಾಣುತ್ತಿತ್ತು. ತಲೆ ಹಿಂದಕ್ಕೆ ವಾಲಿತ್ತು. ಕಣ್ಣುಗಳು ಪೂರ್ತಿ ಮುಚ್ಚಿದ್ದವು. ಮೇಲಿನ ಎರಡು ಹಲ್ಲು ಇರಲಿಲ್ಲ. ಬಾಯಿ ಮುಚ್ಚಿಕೊಳ್ಳಲು ಬಲಗೈ ಎತ್ತಿದ್ದರು, ಕೈ ಗದ್ದದವರೆಗೆ ಬಂದಿತ್ತು, ಇನ್ನೂ ಮುಟ್ಟಿರಲಿಲ್ಲ. ಮೂಗುತಿ ಇತ್ತು. ಅದು ಎಡಕ್ಕಿತ್ತೋ ಬಲಕ್ಕಿತ್ತೋ, ಎಷ್ಟು ನೆನಪು ಮಾಡಿಕೊಂಡರೂ ನನಗೆ ಹೊಳೆಯುತ್ತಿಲ್ಲ, ಅಕ್ಕ.